ಟರ್ಕಿ ಬಿಡಿ, ಮಟ್ಟು ಗುಳ್ಳ ತನ್ನಿ: ಹದಿನಾಲ್ಕು ಜನರ ಕ್ರಿಸ್‌ಮಸ್ ಊಟ

ಪ್ರಶ್ನೆ: ನಮ್ಮ ಮನೆ ಮಂಗಳೂರಿನಲ್ಲಿ. ಪ್ರತಿ ಕ್ರಿಸ್‌ಮಸ್‌ಗೆ ದುಕ್ರಾಮಾಸ್ (ಹಂದಿ ಮಾಂಸದ ಅಡುಗೆ), ಸಾನ್ನ (ಹುದುಗಿಸಿ ಆವಿಯಲ್ಲಿ ಬೇಯಿಸಿದ ಇಡ್ಲಿಯಂಥದ್ದು), ಕೋಳಿ ಸುಕ್ಕ, ಪುಲಾವ್, ಕೊನೆಗೆ ಕೇಕ್. ಮೂವತ್ತು ವರ್ಷದಿಂದ ಇದೇ. ಈ ವರ್ಷ ಮಗನ ಮದುವೆಯಾಗಿದೆ. ಸೊಸೆ ಧಾರವಾಡದವಳು. ಅವಳ ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲರೂ 25ರ ರಾತ್ರಿ ಊಟಕ್ಕೆ ಬರುತ್ತಾರೆ. ಸೊಸೆಯೂ ಸೇರಿ ಆ ಐದೂ ಜನ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ನಮ್ಮ ಕಡೆ ಒಂಬತ್ತು ಜನ. ಅತ್ತೆಗೆ 78 ವರ್ಷ, ಶುಗರ್ ಇದೆ. ಅಡುಗೆಗೆ ನಾನು, ನಾದಿನಿ ಇಬ್ಬರೇ. ಮೂರು ಬರ್ನರ್ ಒಲೆ, 30 ಲೀಟರಿನ ಓಟಿಜಿ (ಕರೆಂಟಿನ ಚಿಕ್ಕ ಓವನ್) ಇದೆ. ಮಗ ಟರ್ಕಿ ಕೋಳಿ ತರಿಸೋಣ ಅಂತಾನೆ. ಏನಾದರೂ ಹೊಸತು ಮಾಡಬೇಕು ಅಂತ ನನಗೂ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಟರ್ಕಿ ವಿಚಾರ ಮುಗಿಸಿಬಿಡೋಣ. ಬೇಡ.

ನಾನು ಕೇಟರಿಂಗ್ ಶುರು ಮಾಡಿದ ಹೊಸತರಲ್ಲಿ ಒಂದು ಮನೆಯವರು ಹಟ ಹಿಡಿದು ಐದು ಕೆಜಿಯ ಟರ್ಕಿ ತರಿಸಿಕೊಟ್ಟರು. ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. 24ರ ಬೆಳಿಗ್ಗೆ ಫ್ರಿಜ್‌ನಲ್ಲಿಟ್ಟೆ, ಒಂದು ದಿನದಲ್ಲಿ ಕರಗುತ್ತೆ ಅಂದುಕೊಂಡೆ. ಮಾರನೇ ಬೆಳಿಗ್ಗೆ ಹೊಟ್ಟೆಯೊಳಗೆ ಕೈ ಹಾಕಿದರೆ ಐಸು! ಫ್ರಿಜ್‌ನಲ್ಲಿ ಎರಡು, ಎರಡೂವರೆ ಕೆಜಿ ಕರಗಲು ಒಂದು ಇಡೀ ದಿನ ಬೇಕು ಅಂತ ಆಮೇಲೆ ತಿಳಿದುಕೊಂಡೆ, ತಪ್ಪು ಪೂರ್ತಿ ನನ್ನದೇ. ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ, ಬೆವರು ಒರೆಸಿಕೊಳ್ಳುತ್ತಾ ಹೇಗೋ ಬೇಯಿಸಿದೆ. ತೊಡೆ ಬೇಯುವಷ್ಟರಲ್ಲಿ ಎದೆ ಹತ್ತಿಯ ಹಾಗೆ ಒಣಗಿತ್ತು. ಎಲ್ಲರೂ ಫೋಟೋ ತೆಗೆದುಕೊಂಡರು, ತಿಂದವರು ಕಡಿಮೆ. ನಿಮ್ಮ ಓಟಿಜಿಯಲ್ಲಂತೂ ಆ ಹಕ್ಕಿಯನ್ನು ಇಟ್ಟರೆ ಮೇಲಿನ ಕಾಯಿಲ್ ಅದರ ಬೆನ್ನಿಗೇ ತಾಗುತ್ತೆ. ಮೇಲಾಗಿ ಹದಿನಾಲ್ಕರಲ್ಲಿ ಐದು ಜನ ಅದನ್ನು ತಿನ್ನುವವರೇ ಅಲ್ಲ.

ಇನ್ನೊಂದು ಮಾತು. ಟರ್ಕಿ, ಗ್ರೇವಿ, ರೋಸ್ಟ್ ಮಾಡಿದ ಗೆಡ್ಡೆಗಳು, ಆವಿಯಲ್ಲಿ ಬೆಂದ ಪುಡಿಂಗ್ ಎಲ್ಲ ಇಂಗ್ಲೆಂಡಿನ ಚಳಿಗೆ ಹುಟ್ಟಿದ ಊಟ. ಹೊರಗೆ ಕೊರೆಯುವಾಗ ಒಲೆ ನಾಲ್ಕು ಗಂಟೆ ಉರಿದರೆ ಅಲ್ಲಿ ಅದೂ ಒಂದು ಸುಖ. ಮಂಗಳೂರಿನಲ್ಲಿ ಡಿಸೆಂಬರ್ ಹಗಲು 32-33 ಡಿಗ್ರಿ. ನಾವು ಹೊಸ ಐಡಿಯಾ ಹುಡುಕುವಾಗ ನೋಡಬೇಕಾದದ್ದು ಸೆಕೆಯಲ್ಲಿ ಕ್ರಿಸ್‌ಮಸ್ ಮಾಡುವ ಊರುಗಳ ಕಡೆ, ಅಲ್ವಾ? ಆಸ್ಟ್ರೇಲಿಯಾದಲ್ಲಿ ಅದು ನಡುಬೇಸಿಗೆ. ತುಂಬಾ ಮನೆಗಳಲ್ಲಿ ತಣ್ಣಗಿನ ಸಿಗಡಿ, ತಣ್ಣಗಿನ ಹ್ಯಾಮ್, ಸಲಾಡ್ ಇಟ್ಟು ಊಟ ಮುಗಿಸುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಅಕ್ಕಿ ಹಿಟ್ಟು, ತೆಂಗಿನ ಹಾಲು ಕಲಸಿ ಬಾಳೆ ಎಲೆ ಹಾಸಿದ ಪಾತ್ರೆಗೆ ಸುರಿದು, ಮೇಲೆ ಕೆಳಗೆ ಕೆಂಡ ಇಟ್ಟು ಬಿಬಿಂಕಾ ಅಂತ ಒಂದು ತಿಂಡಿ ಬೇಯಿಸುತ್ತಾರೆ. ನಮ್ಮ ಕರಾವಳಿಯವರಿಗೆ ಅದರ ರುಚಿ ಹೇಳಿಕೊಡಬೇಕಾಗಿಲ್ಲ.

ಈಗ ನಿಮ್ಮ ಮನೆ. ನನ್ನ ಲೆಕ್ಕ ಸರಳ. ಏನೇನು ಮಾಡೋಣ ಅಂತ ಚೀಟಿ ಬರೆಯುವ ಮೊದಲು, 25ರ ಸಂಜೆ ಏಳೂಕಾಲಿಗೆ ಒಲೆ ಮುಂದೆ ಎಷ್ಟು ಜನ ನಿಂತಿರಬೇಕಾಗುತ್ತೆ ಅಂತ ಯೋಚಿಸಿ. ಆ ಹೊತ್ತಿಗೆ ಒಂದೇ ಬರ್ನರ್ ಉರಿಯುತ್ತಿರಬೇಕು. ಉಳಿದದ್ದೆಲ್ಲ ಹಿಂದಿನ ದಿನ ಆಗಿರಬೇಕು, ಇಲ್ಲ ತಣ್ಣಗೇ ಬಡಿಸುವಂಥದ್ದಾಗಿರಬೇಕು, ಇಲ್ಲ ಓಟಿಜಿಯಲ್ಲಿ ತನ್ನಷ್ಟಕ್ಕೆ ಬೇಯುತ್ತಿರಬೇಕು. ಬೀಗರು ಮೊದಲ ಸಲ ಮನೆಗೆ ಬಂದಾಗ ನೀವು ನಾದಿನಿ ಇಬ್ಬರೂ ಅಡುಗೆಮನೆಯಲ್ಲಿ ಬೆವರುತ್ತಾ ನಿಂತರೆ ಎಂಥ ಊಟವಾದರೂ ಏನು ಚಂದ?

ದುಕ್ರಾಮಾಸ್ ತೆಗೆಯಬೇಡಿ. ಮಗ ಎಷ್ಟೇ ಹೊಸತು ಬೇಕು ಅಂದರೂ ಅದು ಟೇಬಲ್ ಮೇಲೆ ಇಲ್ಲದಿದ್ದರೆ ಮೊದಲು ಕೇಳುವವನು ಅವನೇ. ಎಲ್ಲ ಬದಲಿಸಿದ ಮನೆಗಳನ್ನು ನೋಡಿದ್ದೇನೆ, ಮರುದಿನ ಎಲ್ಲರೂ ಹಳೇ ಊಟಕ್ಕೇ ಹುಡುಕುತ್ತಿರುತ್ತಾರೆ. ಒಂದು ಹಳೇದು ಇರಲಿ, ಅದು ದುಕ್ರಾಮಾಸ್ ಮತ್ತು ಸಾನ್ನ. ಒಂಬತ್ತು ಜನಕ್ಕೆ ಒಂದೂವರೆ ಕೆಜಿ ಧಾರಾಳ, ಯಾಕೆಂದರೆ ಜೊತೆಗೆ ಬೇರೆ ಮಾಂಸವೂ ಇದೆ. 24ರ ಮಧ್ಯಾಹ್ನವೇ ಮಾಡಿ, ಆರಿಸಿ ಫ್ರಿಜ್‌ಗಿಡಿ. ಒಂದು ರಾತ್ರಿ ಕೂತ ಮೇಲೆ ವಿನೆಗರ್, ಬಫಾತ್ ಪುಡಿ (ನಮ್ಮ ಕಡೆಯ ಮೆಣಸಿನಕಾಯಿ ಮಸಾಲೆ ಪುಡಿ) ಎರಡೂ ಮಾಂಸದ ಒಳಗಿಳಿದು ರುಚಿ ಹೆಚ್ಚುತ್ತೆ ಅಂತ ನಿಮಗೆ ಗೊತ್ತಿರುವುದೇ. ಸುಕ್ಕ, ಪುಲಾವ್ ಎರಡೂ ಈ ವರ್ಷ ರಜೆ ತೆಗೆದುಕೊಳ್ಳಲಿ. ಪುಲಾವ್ ಬಿಡಿ ಅಂದರೆ ಕೆಲವರಿಗೆ ಬೇಜಾರು. ಆದರೆ ಸಾನ್ನ ಇರುವ ಊಟದಲ್ಲಿ ಪುಲಾವ್ ಅರ್ಧ ಉಳಿಯುತ್ತೆ. ಅಜ್ಜಿಯರಿಗೆ ಬೇಕಾದರೆ ಒಂದು ಪಾತ್ರೆ ಬಿಳಿ ಅನ್ನ ಸಾಕು.

ಸಾನ್ನದ ಬಗ್ಗೆ ಒಂದು ಎಚ್ಚರ. ನೀವು ಶೇಂದಿ ಹಾಕಿ ಹುದುಗಿಸುವವರಾದರೆ ಬೀಗರಿಗೆ ಮೊದಲೇ ಹೇಳಿ, ಇಲ್ಲವಾದರೆ ಈ ಸಲ ಯೀಸ್ಟ್ ಹಾಕಿ. ಹೇಳದೆ ಬಡಿಸಿ ಆಮೇಲೆ ಗೊತ್ತಾದರೆ ಮುಖ ಮುಖ ನೋಡಿಕೊಳ್ಳಬೇಕಾಗುತ್ತೆ.

ಹೊಸ ಮಾಂಸದ ಅಡುಗೆ ಒಂದೇ ಸಾಕು. ಕೋಳಿ, ಆದರೆ ಇಡೀ ಕೋಳಿ ಬೇಡ. ಒಂಬತ್ತು ಲೆಗ್ ಪೀಸ್ ತನ್ನಿ, ಕಾಲು ತೊಡೆ ಬೇರೆ ಮಾಡಿಸಿ, ಹದಿನೆಂಟು ತುಂಡು ಆಗುತ್ತೆ. 24ರ ರಾತ್ರಿ ಮೂರು ದೊಡ್ಡ ಚಮಚ ಬಫಾತ್ ಪುಡಿ, ಶುಂಠಿ ಬೆಳ್ಳುಳ್ಳಿ, ಎರಡು ಚಮಚ ವಿನೆಗರ್, 25 ಗ್ರಾಂ ಉಪ್ಪು ಸವರಿ ಇಡಿ. ಎದೆ ಭಾಗ ಐದು ನಿಮಿಷ ಜಾಸ್ತಿ ಬೆಂದರೆ ಹಾಳು, ಕಾಲು ತೊಡೆ ಹಾಗಲ್ಲ, ಹದಿನೈದು ನಿಮಿಷ ಹೆಚ್ಚುಕಡಿಮೆ ಆದರೂ ಕ್ಷಮಿಸುತ್ತೆ. ಮಾತಾಡುತ್ತಾ ಓಟಿಜಿ ಮರೆಯುವ ಮನೆಗಳಿಗೆ ಹೇಳಿಮಾಡಿಸಿದ್ದು. 200 ಡಿಗ್ರಿಯಲ್ಲಿ 40-45 ನಿಮಿಷ, ಕೊನೆಯ ಹತ್ತು ನಿಮಿಷ ಬೆಣ್ಣೆ ಹಚ್ಚಿ. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ದಾಟಲೇಬೇಕು, ತೊಡೆಯಾದರೆ 80-85ಕ್ಕೆ ಹೋದರೆ ಇನ್ನೂ ಮೃದು. ನಿಮ್ಮ ಟ್ರೇಯಲ್ಲಿ ಒಂದೇ ಸಲ ಹಿಡಿಯಲ್ಲ. ತುರುಕಿದರೆ ರೋಸ್ಟ್ ಆಗದೆ ನೀರು ಬಿಟ್ಟುಕೊಂಡು ಬೇಯುತ್ತೆ. ಐದೂಕಾಲಿಗೆ ಒಂದು ಸುತ್ತು, ಆರೂಕಾಲಿಗೆ ಇನ್ನೊಂದು, ಬಡಿಸುವ ಮೊದಲು ಮೊದಲನೇ ಸುತ್ತಿನದನ್ನು ಹತ್ತು ನಿಮಿಷ ಮತ್ತೆ ಒಳಗಿಟ್ಟು ಚೆನ್ನಾಗಿ ಬಿಸಿ ಮಾಡಿ. ಕೋಳಿ ರೋಸ್ಟ್ ಅಂದರೆ ಇಂಗ್ಲಿಷರದು ಅಂತ ಅತ್ತೆ ಮೂಗು ಮುರಿದರೆ, ಬಫಾತ್‌ಗೆ ಬಣ್ಣ ಕೊಡುವ ಮೆಣಸಿನಕಾಯಿ ಕೂಡ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದದ್ದು ಅಂತ ನಗುತ್ತಾ ಹೇಳಿ.

ಇನ್ನು ಸಸ್ಯಾಹಾರ. ಇಲ್ಲಿ ನಿಧಾನವಾಗಿ ಯೋಚಿಸಬೇಕು. ನಮ್ಮ ಕಡೆ ಆಗುವುದೇನೆಂದರೆ ಮಾಂಸದ ಅಡುಗೆಗೆ ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ 'ಅವರಿಗೆ ಒಂದು ಪನೀರ್ ಮಾಡಿಬಿಡೋಣ' ಅಂತ ಮುಗಿಸುತ್ತೇವೆ. ಹಾಗೆ ಮಾಡಿದರೆ ಆ ಐದು ಜನ ಇಡೀ ರಾತ್ರಿ ಒಂದು ಬಟ್ಟಲ ಮುಂದೆ ಕೂತು, ಬೇರೆಯವರ ತಟ್ಟೆ ನೋಡಬೇಕಾಗುತ್ತೆ. ಕ್ರಿಸ್‌ಮಸ್ ಊಟ ಅಂದರೆ ಮಾಂಸ ಇರಲೇಬೇಕು ಅಂತೇನೂ ಇಲ್ಲ. ಪೋಲೆಂಡಿನವರು 24ರ ಸಂಜೆ ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುತ್ತಾರೆ. ಸಂಪ್ರದಾಯದಂತೆ ಹನ್ನೆರಡು ಬಗೆ ಇರುತ್ತೆ, ಮೀನು ಇರುತ್ತೆ, ಮಾಂಸ ಮಾತ್ರ ಇಲ್ಲ. ಬೀಟ್‌ರೂಟ್‌ನ ಕೆಂಪು ಸೂಪ್, ಕೋಸು, ಅಣಬೆ ತುಂಬಿದ ಕಡುಬಿನಂಥದ್ದು. ಅವರಷ್ಟು ಶ್ರದ್ಧೆಯ ಕ್ಯಾಥೊಲಿಕರು ಹಾಗೆ ಉಣ್ಣುತ್ತಾರೆ ಅಂದಮೇಲೆ ನಮಗೇನು?

ನಿಮಗೆ ನಾನು ಹೇಳುವುದು ಮಟ್ಟು ಗುಳ್ಳದ ಎಣ್ಣೆಗಾಯಿ. ಗುಳ್ಳ ಉಡುಪಿ ಜಿಲ್ಲೆಯ ಮಟ್ಟು ಊರಿನದು, ಕಟಪಾಡಿ ಹತ್ತಿರ. 2011ರಲ್ಲಿ ಅದಕ್ಕೆ ಜಿಐ ಗುರುತು (ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿತು. ಉಡುಪಿಯ ಯತಿ ವಾದಿರಾಜರು ಬೀಜ ಕೊಟ್ಟರು ಅಂತ ಕಥೆಯೂ ಇದೆ. ತೆಳು ಸಿಪ್ಪೆಯ ಹಸಿರು ಬದನೆ. ಎಣ್ಣೆಗಾಯಿಯೋ, ಅದು ಧಾರವಾಡದ ಮನೆಮನೆಯ ಅಡುಗೆ. ನಿಮ್ಮ ಕಡೆಯ ಬದನೆಗೆ ಅವರ ಕಡೆಯ ಮಸಾಲೆ ತುಂಬುತ್ತೀರಿ, ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಚಿಕ್ಕ ಚಿಕ್ಕ ಗುಳ್ಳ ಆರಿಸಿ ಹದಿನೆಂಟು ತನ್ನಿ. ಚಿಕ್ಕದು ಸಿಗದಿದ್ದರೆ ಸುಮ್ನೆ ಒದ್ದಾಡಬೇಡಿ, ದೊಡ್ಡದನ್ನೇ ಹೋಳು ಮಾಡಿ ಮಸಾಲೆಯಲ್ಲಿ ಬೇಯಿಸಿ. ಹುರಿದ ಶೇಂಗಾ 100 ಗ್ರಾಂ, ಗುರೆಳ್ಳು (ಹುಚ್ಚೆಳ್ಳು) 30, ಎಳ್ಳು 30, ಒಣಕೊಬ್ಬರಿ ಒಂದು ಹಿಡಿ, ಹುಣಸೆ, ಬೆಲ್ಲ, ಮಸಾಲೆ ಖಾರ. ಗುರೆಳ್ಳು ಬಿಡಬೇಡಿ, ಬಿಟ್ಟರೆ ಧಾರವಾಡದವರಿಗೆ ಒಂದೇ ತುತ್ತಿಗೆ ಗೊತ್ತಾಗುತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಮಾಡಿಟ್ಟರೆ ಸಂಜೆಗೆ ಎಣ್ಣೆ ಮೇಲೆ ತೇಲಿ ಹದ ಬಂದಿರುತ್ತೆ.

ಜೊತೆಗೆ ಬೇಕಾದ ರೊಟ್ಟಿ ನೀವು ಮಾಡಬೇಡಿ. ಬೀಗಿತ್ತಿ 'ನಾವೇನು ತರೋಣ?' ಅಂತ ಕೇಳೇ ಕೇಳುತ್ತಾರೆ. ಆಗ 'ಏನೂ ಬೇಡ' ಅನ್ನಬೇಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತನ್ನಿ ಅನ್ನಿ. ವಾರಗಟ್ಟಲೆ ಇರುತ್ತೆ, ರೈಲಿನಲ್ಲಿ ಬಂದರೂ ಕೆಡಲ್ಲ, ನಿಮ್ಮ ಒಂದು ಬರ್ನರ್ ಉಳಿಯಿತು. ಅವರ ಕೈಯಡುಗೆ ನಿಮ್ಮ ಟೇಬಲ್ ಮೇಲೆ ಇದ್ದರೆ ಅವರ ಅಜ್ಜಿಗೂ ಧೈರ್ಯ. ಮೊದಲ ಸಲ ಹಂದಿ ಮಾಂಸ ಇರುವ ಮನೆಯಲ್ಲಿ ಊಟಕ್ಕೆ ಕೂರುವ ಅಜ್ಜಿ ಅವರು, ಮರೆಯಬೇಡಿ. ಸಸ್ಯಾಹಾರವನ್ನು ಬೇರೆ ಟೇಬಲ್ ಮೇಲೆ, ಬೇರೆ ಸೌಟು ಇಟ್ಟು ಜೋಡಿಸಿ. ಚಿಕ್ಕದೊಂದು ಚೀಟಿ ಬರೆದಿಟ್ಟರೂ ಆದೀತು, ಯಾರನ್ನೂ ಕೇಳದೆ ಬಡಿಸಿಕೊಳ್ಳಬಹುದು.

ಆದರೆ ಐದು ಜನಕ್ಕೆ ಅಂತ ಅಳೆಯಬೇಡಿ! ಇದು ಕೇಟರಿಂಗ್‌ನಲ್ಲಿ ನಾನು ಕಲಿತ ಮೊದಲ ಪಾಠ. ಮಾಂಸ ತಿನ್ನುವವರು ಎಣ್ಣೆಗಾಯಿಯನ್ನೂ ಬಡಿಸಿಕೊಳ್ಳುತ್ತಾರೆ, ಸಸ್ಯಾಹಾರಿಗಳು ಮಾಂಸ ಬಡಿಸಿಕೊಳ್ಳುವುದಿಲ್ಲ. ಹಾಗಾಗಿ ಮೊದಲು ಖಾಲಿಯಾಗುವುದು ಯಾವಾಗಲೂ ಸಸ್ಯಾಹಾರದ ಪಾತ್ರೆ. ಅದನ್ನು ಹದಿನಾಲ್ಕು ಜನಕ್ಕೆ ಮಾಡಿ, ಮಾಂಸವನ್ನು ಒಂಬತ್ತಕ್ಕೆ.

ಪಕ್ಕಕ್ಕೆ ಎರಡು ತಣ್ಣಗಿನವು. ಒಂದು, ಬೀಟ್‌ರೂಟ್ ಮೊಸರು ಬಜ್ಜಿ. ಪೋಲೆಂಡಿನ ಸೂಪ್‌ಗೆ ಇದು ನಮ್ಮ ಉತ್ತರ, ಬಣ್ಣವೂ ಹಬ್ಬದ್ದು. ಇನ್ನೊಂದು ಆಲೂಗೆಡ್ಡೆ ಸಲಾಡ್. ಜರ್ಮನಿಯಲ್ಲಿ 24ರ ರಾತ್ರಿ ಎಷ್ಟೋ ಮನೆಗಳ ಊಟ ಬರೀ ಆಲೂಗೆಡ್ಡೆ ಸಲಾಡ್ ಮತ್ತು ಸಾಸೇಜ್, ಅಷ್ಟೇ. ಅದರಲ್ಲೂ ದಕ್ಷಿಣ ಜರ್ಮನಿಯವರದ್ದು ಮೇಯೋನೀಸ್ ಇಲ್ಲದ್ದು. ಒಂದೂವರೆ ಕೆಜಿ ಆಲೂಗೆಡ್ಡೆ ಬೇಯಿಸಿ, ಬಿಸಿ ಇರುವಾಗಲೇ ಬಿಲ್ಲೆ ಮಾಡಿ, ತರಕಾರಿ ಬೆಂದ ಬಿಸಿ ನೀರು ಒಂದು ಲೋಟ, ವಿನೆಗರ್, ಸಾಸಿವೆ ಪೇಸ್ಟ್, ಎಣ್ಣೆ, ಸಣ್ಣಗೆ ಹೆಚ್ಚಿದ ಈರುಳ್ಳಿ ಹಾಕಿ ಮೆಲ್ಲಗೆ ಕಲಸಿ. ತಣ್ಣಗಾದ ಆಲೂಗೆಡ್ಡೆ ಹುಳಿ ಎಳೆದುಕೊಳ್ಳಲ್ಲ, ಬಿಸಿಯಲ್ಲೇ ಕಲಸಬೇಕು. ಮೊಟ್ಟೆ ಇಲ್ಲ, ಹಾಲಿಲ್ಲ. 24ರ ಸಂಜೆಯೇ ಮುಗಿಯಿತು.

ನಿಮ್ಮ ಕಡೆಯವರಿಗೆ ಊಟಕ್ಕೆ ಮೊದಲು ಆಸ್ಟ್ರೇಲಿಯಾದ ಹಾಗೆ ತಣ್ಣಗಿನ ಸಿಗಡಿ. ತಲೆ ಚಿಪ್ಪು ಸಮೇತ ಒಂದೂವರೆ ಕೆಜಿ ತಂದರೆ ಸುಲಿದ ಮೇಲೆ ಮುಕ್ಕಾಲು ಕೆಜಿ ಸಿಕ್ಕರೆ ಪುಣ್ಯ. ಉಪ್ಪು ನೀರು ಕುದಿಯುವಾಗ ಹಾಕಿ, ಎರಡು ಮೂರು ನಿಮಿಷಕ್ಕೆ ಬಣ್ಣ ತಿರುಗಿ ಬೆಂದ ಕೂಡಲೇ ತೆಗೆದು ಐಸು ನೀರಿಗೆ ಹಾಕಿ, ಇಲ್ಲವಾದರೆ ರಬ್ಬರ್. ನಿಂಬೆ, ಹಸಿಮೆಣಸು, ಕೊತ್ತಂಬರಿ, ಸ್ವಲ್ಪ ತೆಂಗಿನ ಹಾಲು. ಬಡಿಸುವವರೆಗೆ ಫ್ರಿಜ್‌ನಲ್ಲೇ ಇರಲಿ. ಎಲ್ಲರಿಗೂ ಪುನರ್ಪುಳಿ (ಕೋಕಂ) ಶರಬತ್ತು ಕೊಡಿ. ಹೇಗೂ ಮಾಡುವ ಹಬ್ಬದ ತಿಂಡಿಗಳಲ್ಲಿ, ಅಂದರೆ ಕುಸ್ವಾರ್‌ನಲ್ಲಿ ಚಕ್ಕುಲಿ, ತುಕ್ಡಿ ಥರದ ಖಾರದವನ್ನು ಕೊನೆಗೆ ಇಡುವ ಬದಲು ಈಗಲೇ ಹೊರಗೆ ತನ್ನಿ. ಬಂದವರ ಕೈಗೆ ಏನಾದರೂ ಬೇಕಲ್ಲ. ರೋಸ್ ಕುಕೀಸ್‌ಗೆ ನೀವು ಮೊಟ್ಟೆ ಹಾಕುತ್ತೀರಾದರೆ ಅದು ಬೇರೆ ತಟ್ಟೆಗೆ ಹೋಗಲಿ. ನೆವ್ರಿಗೆ (ಸಿಹಿ ಹೂರಣದ ಕರಿದ ಕಡುಬು) ಆ ಕಾಟವಿಲ್ಲ.

ಕಣ್ಣಿಗೆ ಬೀಳದ ಮಾಂಸವೂ ಇರುತ್ತೆ, ಜಾಗ್ರತೆ. ಜೆಲ್ಲಿ, ಪುಡಿಂಗ್‌ಗೆ ಹಾಕುವ ಜೆಲಟಿನ್ ಪ್ರಾಣಿಯ ಮೂಳೆ ಚರ್ಮದ್ದು, ಬೇಕಿದ್ದರೆ ಚೈನಾ ಗ್ರಾಸ್ ಬಳಸಿ, ಅದು ಕಡಲ ಪಾಚಿಯದು. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತೆ. ಪ್ಲಮ್ ಕೇಕ್‌ಗೆ ಮೊಟ್ಟೆ, ರಮ್ ಎರಡೂ. ಬಾಟಲಿಯ ಲೇಬಲ್ ಓದುವ ಕೆಲಸ ಮಗನಿಗೆ ಕೊಡಿ, ಟರ್ಕಿ ತಪ್ಪಿದ ಬೇಜಾರು ಕಳೆಯಲಿ.

ಕೇಕ್ ಇರಲಿ, ಆದರೆ ಎಲ್ಲರೂ ಒಟ್ಟಿಗೆ ತಿನ್ನುವ ಒಂದು ಸಿಹಿ ಬೇಕು. ಇದಕ್ಕೆ ನನ್ನ ಬಳಿ ಇರುವ ಅತ್ಯುತ್ತಮ ಉತ್ತರ ಡೆನ್ಮಾರ್ಕಿನದು, ರಿಸಲಮಾಂಡ್ ಅಂತ. ಅನ್ನದ ಪಾಯಸವನ್ನು ಗಟ್ಟಿಯಾಗಿ ಮಾಡಿ, ತಣಿಸಿ, ನೊರೆ ಬರಿಸಿದ ಕ್ರೀಮ್, ಹೆಚ್ಚಿದ ಬಾದಾಮಿ ಕಲಸಿ, ಮೇಲೆ ಚೆರ್ರಿ ಸಾಸ್ ಸುರಿಯುತ್ತಾರೆ. ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ. ಒಂದೇ ಒಂದು ಇಡೀ ಬಾದಾಮಿ ಒಳಗೆ ಬಚ್ಚಿಟ್ಟಿರುತ್ತಾರೆ. ಅದು ಯಾರಿಗೆ ಸಿಗುತ್ತೋ ಅವರಿಗೆ ಉಡುಗೊರೆ. ಸಿಕ್ಕವರು ಬಾಯಲ್ಲೇ ಅಡಗಿಸಿಟ್ಟುಕೊಂಡು ಗೊತ್ತಿಲ್ಲದವರ ಹಾಗೆ ಕೂರುವುದೂ ಉಂಟು, ಉಳಿದವರು ಹೊಟ್ಟೆ ಬಿರಿದರೂ ಹುಡುಕುತ್ತಾ ತಿನ್ನುತ್ತಿರುತ್ತಾರೆ! ಎರಡು ಮನೆಯವರು ಒಬ್ಬರನ್ನೊಬ್ಬರು ಸರಿಯಾಗಿ ತಿಳಿಯದೆ ಕೂತಿರುವ ರಾತ್ರಿಗೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ. ಹಲ್ಲುಸೆಟ್ಟು ಹಾಕಿದವರಿಗೆ, ಚಿಕ್ಕ ಮಕ್ಕಳಿಗೆ ಮಾತ್ರ ಬೇರೆ ಬಟ್ಟಲಲ್ಲಿ ಕೊಡಿ.

ಹದಿನಾಲ್ಕು ಜನಕ್ಕೆ 250 ಗ್ರಾಂ ಅಕ್ಕಿ, ಎರಡು ಲೀಟರ್ ಹಾಲು, 120 ಗ್ರಾಂ ಸಕ್ಕರೆ, 150 ಗ್ರಾಂ ಬಾದಾಮಿ, 300 ಮಿಲಿ ಕ್ರೀಮ್. ಗಂಧಸಾಲೆ ಅನ್ನುವ ಪರಿಮಳದ ಅಕ್ಕಿ ಸಿಕ್ಕರೆ ಅದೇ ಹಾಕಿ, ಏಲಕ್ಕಿಯೂ ಬೇಡ ಅನಿಸುತ್ತೆ. ಕ್ರೀಮ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಅಂಗಡಿಯ ಪುಟ್ಟ ಪ್ಯಾಕೆಟ್‌ನ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಶೇ 25ರಷ್ಟು, ಎಷ್ಟು ಕಡೆದರೂ ನೊರೆ ನಿಲ್ಲಲ್ಲ. ಶೇ 35ರ ವಿಪ್ಪಿಂಗ್ ಕ್ರೀಮ್ ಕೇಳಿ ತನ್ನಿ, ಪಾತ್ರೆಯನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ. ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಕಲಸಿ, ರುಚಿ ಬೇರೆ, ಆದರೆ ಕೆಟ್ಟದೇನಲ್ಲ. ಚೆರ್ರಿ ಬದಲು ಪುನರ್ಪುಳಿ ನೆನೆಸಿದ ನೀರಿಗೆ ಸಕ್ಕರೆ ಹಾಕಿ ಪಾಕ ಬರುವವರೆಗೆ ಕುದಿಸಿ. ಆ ಹುಳಿ ಹಾಲಿನ ಜಿಡ್ಡನ್ನು ಚೆನ್ನಾಗಿ ಕತ್ತರಿಸುತ್ತೆ. ಅಕ್ಕಿ ಹಾಲು 24ರಂದು ಬೇಯಿಸಿ, ಅಗಲ ತಟ್ಟೆಗೆ ಸುರಿದು ಬೇಗ ಆರಿಸಿ ಫ್ರಿಜ್‌ಗಿಡಿ. ಆಳ ಪಾತ್ರೆಯಲ್ಲಿ ನಮ್ಮ ಸೆಕೆಗೆ ಅದು ಗಂಟೆಗಟ್ಟಲೆ ಉಗುರುಬೆಚ್ಚಗೇ ಇದ್ದು ಹಾಳಾಗುತ್ತೆ.

ಅತ್ತೆಯ ವಿಷಯ. 'ನಿಮಗೆ ಬೆಲ್ಲ ಹಾಕಿ ಮಾಡಿದ್ದೀನಿ' ಅಂತ ದಯವಿಟ್ಟು ಕೊಡಬೇಡಿ. ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯೇ, ರಕ್ತಕ್ಕೆ ಬಣ್ಣ ಗೊತ್ತಾಗಲ್ಲ. ಡಾಕ್ಟರ್ ಹೇಳಿದ ಅಳತೆಯೇ ಅಳತೆ. ನೀವು ಮಾಡಬಹುದಾದದ್ದು ಊಟ ಏಳೂವರೆಗೇ ಶುರು ಮಾಡುವುದು, ಮಾತ್ರೆಯ ಹೊತ್ತು ತಪ್ಪದ ಹಾಗೆ. ಅವರ ತಟ್ಟೆಯಲ್ಲಿ ಕೋಳಿ, ಎಣ್ಣೆಗಾಯಿ, ಬಜ್ಜಿ ಮೊದಲು, ಸಾನ್ನ ಒಂದೇ. ಸಿಹಿ ಎರಡು ಚಮಚ ಬಟ್ಟಲಲ್ಲಿ ಹಾಕಿ ಎಲ್ಲರ ಜೊತೆಗೇ ಕೊಡಿ. ಅವರೊಬ್ಬರ ಮುಂದೆ ಸೇಬಿನ ಹೋಳು ಇಟ್ಟು ಉಳಿದವರು ಬಾದಾಮಿ ಹುಡುಕಿದರೆ ಬೇಜಾರಾಗುತ್ತೆ.

ಮಗನಿಗೆ ಇನ್ನೂ ಟರ್ಕಿ ಆಸೆ ಇದ್ದರೆ ಜಪಾನಿನ ಕಥೆ ಹೇಳಿ. ಅಲ್ಲಿ 1974ರಲ್ಲಿ ಕೆಎಫ್‌ಸಿ ದೇಶದ ತುಂಬ ಜಾಹೀರಾತು ಮಾಡಿತು, ಆಮೇಲಿಂದ ಕ್ರಿಸ್‌ಮಸ್ ಅಂದರೆ ಬಕೆಟ್ ಚಿಕನ್, ಮೊದಲೇ ಬುಕ್ ಮಾಡಬೇಕು. ಕ್ರೈಸ್ತರು ತೀರಾ ಕಡಿಮೆ ಇರುವ ದೇಶ ಅದು!

ಹೊತ್ತು ಹೀಗೆ ಹಂಚಿಕೊಳ್ಳಿ. 23ಕ್ಕೆ ಸಾಮಾನು ಮುಗಿಸಿ, ಸಿಗಡಿ ಮಾತ್ರ 25ಕ್ಕೆ ಅಂತ ಮೀನಿನವರಿಗೆ ಹೇಳಿಡಿ. ಹಬ್ಬದ ದಿನ ಸಿಗದು ಅಂದರೆ 24ಕ್ಕೆ ತಂದು ಅಂದೇ ಬೇಯಿಸಿಡಿ. 24ಕ್ಕೆ ದುಕ್ರಾಮಾಸ್, ಅಕ್ಕಿ ಹಾಲು, ಪುನರ್ಪುಳಿ ಪಾಕ, ಆಲೂಗೆಡ್ಡೆ ಸಲಾಡ್, ಕೋಳಿಗೆ ಮಸಾಲೆ. ಇಷ್ಟಾದ ಮೇಲೂ ರಾತ್ರಿ ಪೂಜೆಗೆ ಹೋಗಲು ಪುರುಸೊತ್ತು ಇರುತ್ತೆ. 25ಕ್ಕೆ ಮಧ್ಯಾಹ್ನ ಎಣ್ಣೆಗಾಯಿ, ಐದು ಗಂಟೆಯೊಳಗೆ ಸಾನ್ನ ಬೇಯಿಸಿಟ್ಟು ಬಡಿಸುವಾಗ ಐದು ನಿಮಿಷ ಆವಿ ಕೊಡಿ. ಏಳೂಕಾಲಿಗೆ ಆ ಆವಿಯ ಪಾತ್ರೆಗೊಂದೇ ಬರ್ನರ್ ಬೇಕು. ದುಕ್ರಾಮಾಸ್ ಏಳಕ್ಕೇ ಕುದಿ ಬಂದು ಇಳಿದಿರಲಿ.

ಮಾಂಸ ಸಾಕಾಗುತ್ತೋ ಇಲ್ಲವೋ ಅಂತ ಹೆದರಿ ಕೊನೇ ಗಳಿಗೆಯಲ್ಲಿ ಇನ್ನೊಂದು ಕೆಜಿ ಸುಕ್ಕ ಸೇರಿಸಬೇಡಿ, ನಾದಿನಿ ಹೇಳಿದರೂ. ದುಕ್ರಾಮಾಸ್ ಸ್ವಲ್ಪ ಉಳಿದರೆ 26ರ ಬೆಳಿಗ್ಗೆ ಬೀಗರು ಹೊರಟ ಮೇಲೆ ನಿಮಗೂ ಅವಳಿಗೂ ಉಳಿದ ಸಾನ್ನದ ಜೊತೆ ತಿಂಡಿಗಾಯಿತು.